ರೇಡಾರ್ ಅನ್ನುವ ಮೊದಲು ಮೇನ್ ಸ್ವಿಚ್ ಆಫ್ ಮಾಡಿ

ನಮಸ್ಕಾರ. ಸಂಜೆ 40 ಮೀಟರ್ ಬ್ಯಾಂಡಿನಲ್ಲಿ (7 ಮೆಗಾಹರ್ಟ್ಸ್ ಸುತ್ತಲಿನ ರೇಡಿಯೊ ಅಲೆಗಳಲ್ಲಿ) ಗೊರಗೊರ ಸದ್ದು ಎದ್ದರೆ ಸಾಕು, ನಮ್ಮ ಹ್ಯಾಮ್ ಗೆಳೆಯರಲ್ಲಿ, ಅಂದರೆ ಲೈಸೆನ್ಸ್ ಪಡೆದು ಹವ್ಯಾಸಕ್ಕೆ ರೇಡಿಯೊದಲ್ಲಿ ಮಾತಾಡುವವರಲ್ಲಿ, ಯಾರಾದರೂ ಒಬ್ಬರು ಹೇಳಿಬಿಡುತ್ತಾರೆ: ‘ಇದು ಯಾವುದೋ ದೇಶದ ರೇಡಾರ್.’ ಕೆಲವು ಸಲ ಅದು ನಿಜವೇ ಇರುತ್ತದೆ. ಆದರೆ ಹಾಗೆ ಹೇಳುವ ಮೊದಲು ಮೂಲ ಹುಡುಕಬೇಕು, ಅದು ನಮ್ಮದೇ ಕೆಲಸ. ಇವತ್ತು ನಾನು ವಾದ ಮಾಡುವುದು ಇಷ್ಟಕ್ಕೇ.

ರೇಡಾರ್ ಮಾತು ಅಷ್ಟು ಬೇಗ ಬಾಯಿಗೆ ಬರೋಕೆ ಕಾರಣ ಇದೆ. 1976ರ ಜುಲೈನಲ್ಲಿ ಶಾರ್ಟ್‌ವೇವ್ ತುಂಬಾ ಟಕಟಕ ಶುರುವಾಯಿತು. ಸೆಕೆಂಡಿಗೆ 10 ಬಡಿತ. ಒಂದು ಫ್ರೀಕ್ವೆನ್ಸಿಯಲ್ಲಿ ನಿಲ್ಲುತ್ತಿರಲಿಲ್ಲ, ಹ್ಯಾಮ್ ಬ್ಯಾಂಡು, ರೇಡಿಯೊ ಸ್ಟೇಷನ್ನು ಅಂತ ನೋಡದೆ ಎಲ್ಲದರ ಮೇಲೂ ಹಾದುಹೋಗುತ್ತಿತ್ತು. ಜನ ಅದಕ್ಕೆ ‘ರಷ್ಯನ್ ಮರಕುಟಿಗ’ ಅಂತ ಹೆಸರಿಟ್ಟರು. ಬೇರೆ ಬೇರೆ ಜಾಗದಿಂದ ದಿಕ್ಕಿನ ಗೆರೆ ಎಳೆದು ನೋಡಿದರೆ ಅವು ಹೋಗಿ ಸೇರಿದ್ದು ಸೋವಿಯತ್ ಯುಕ್ರೇನಿನಲ್ಲಿ. ದೂರದ ಕ್ಷಿಪಣಿ ಉಡಾವಣೆಯನ್ನು ದಿಗಂತದ ಆಚೆಯಿಂದಲೇ ಪತ್ತೆಮಾಡುವ ‘ದುಗಾ’ ರೇಡಾರ್ ಅದು. 1989ರ ಕೊನೆಗೆ ನಿಂತಿತು. ಅದರ ಭಾರಿ ರಿಸೀವರ್ ಆಂಟೆನಾ ಚೆರ್ನೋಬಿಲ್ ಹತ್ತಿರ ಈಗಲೂ ಇದೆ.

ಆಗ ಕೆಲವು ಹ್ಯಾಮ್‌ಗಳು ಸಿಟ್ಟಿನಿಂದ ಅದೇ ಲಯದಲ್ಲಿ ತಿರುಗಿ ಬಡಿತ ಕಳಿಸಿ ರೇಡಾರನ್ನೇ ಕೆಡಿಸಲು ನೋಡಿದರು. ಅವರ ಸಿಟ್ಟು ನನಗೆ ಅರ್ಥವಾಗುತ್ತದೆ, ದಾರಿಯನ್ನು ಮಾತ್ರ ಒಪ್ಪುವುದಿಲ್ಲ. ಬ್ಯಾಂಡಿಗೆ ಇನ್ನೊಂದು ಗದ್ದಲ ಸೇರಿತು, ಅಷ್ಟೇ. ಗೆರೆ ಎಳೆದು ಕೂತವರ ಕೆಲಸವೇ ನನಗೆ ದೊಡ್ಡದು.

ಈಗ ನಮ್ಮ ಮನೆಗೆ ಬರೋಣ. ರೇಡಿಯೊವನ್ನು ಬ್ಯಾಟರಿಗೆ ಹಾಕಿ, ಮೇನ್ ಸ್ವಿಚ್ ಆಫ್ ಮಾಡಿ. ಯುಪಿಎಸ್ ಕೂಡ ಆಫ್ ಮಾಡಿ, ಬಹಳ ಜನ ಅದನ್ನು ಮರೆಯುತ್ತಾರೆ. ಸದ್ದು ಹೋಯಿತಾ? ಹಾಗಾದರೆ ಕಳ್ಳ ಮನೆಯೊಳಗೇ ಇದ್ದಾನೆ. ಒಂದೊಂದೇ ಎಂಸಿಬಿ ಆನ್ ಮಾಡುತ್ತಾ ಬನ್ನಿ. ಎಲ್ಇಡಿ ಬಲ್ಬು, ಮೊಬೈಲ್ ಚಾರ್ಜರ್, ಸೆಟ್‌ಟಾಪ್ ಬಾಕ್ಸಿನ ಅಡಾಪ್ಟರ್, ಹೀಗೆ ಯಾವುದೋ ಒಂದರಲ್ಲಿ ಸಿಕ್ಕಿಬೀಳುತ್ತದೆ.

ಯಾಕೆ ಹೀಗಾಗುತ್ತದೆ? ಇವುಗಳೊಳಗಿನ ಸರ್ಕ್ಯೂಟ್ ಕರೆಂಟನ್ನು ಸೆಕೆಂಡಿಗೆ ಹತ್ತಾರು ಸಾವಿರ ಸಲ ಆನ್-ಆಫ್ ಮಾಡುತ್ತದೆ. ಅದು 65 ಕಿಲೋಹರ್ಟ್ಸ್‌ನಲ್ಲಿ ಓಡುತ್ತಿದೆ ಅಂದುಕೊಳ್ಳಿ. ಅದರ 108, 109, 110ನೇ ಹಾರ್ಮೋನಿಕ್‌ಗಳು, ಅಂದರೆ ಅಷ್ಟು ಪಟ್ಟು ಫ್ರೀಕ್ವೆನ್ಸಿಯ ಅಲೆಗಳು, 7.020, 7.085, 7.150 ಮೆಗಾಹರ್ಟ್ಸ್‌ನಲ್ಲಿ ಬಂದು ಕೂರುತ್ತವೆ. ಮೂರೂ ನಮ್ಮ ಬ್ಯಾಂಡಿನ ಒಳಗೇ! ವಾಟರ್‌ಫಾಲ್‌ನಲ್ಲಿ (ಸಿಗ್ನಲ್‌ಗಳನ್ನು ಗೆರೆಗಳಾಗಿ ತೋರಿಸುವ ಪರದೆಯಲ್ಲಿ) ಸಮಾನ ಅಂತರದಲ್ಲಿ ಮಸುಕು ಗೆರೆಗಳು ಕಂಡರೆ, ಅವು ನಿಧಾನವಾಗಿ ಜರುಗುತ್ತಿದ್ದರೆ, ಇಂಥದ್ದೇ ಅಂತ ಅನುಮಾನ ಪಡಿ. ಇದನ್ನು ತಡೆಯಲು ಒಂದು ಸಣ್ಣ ಚೋಕು, ಒಂದೆರಡು ಕೆಪಾಸಿಟರ್ ಸಾಕು. ಅಗ್ಗದ ಮಾಲಿನಲ್ಲಿ ಅದನ್ನೇ ಬಿಟ್ಟುಬಿಡುತ್ತಾರೆ. ಆಗ ಮನೆಯ ವೈರಿಂಗೇ ಆಂಟೆನಾ ಆಗುತ್ತದೆ. ಬಲ್ಬುಗಳು ಎಷ್ಟು ಗದ್ದಲ ಹೊರಗೆ ಬಿಡಬಹುದು ಅನ್ನುವುದಕ್ಕೆ ಸಿಸ್ಪರ್ 15 ಎಂಬ ಅಂತರರಾಷ್ಟ್ರೀಯ ಮಾನದಂಡವೇ ಇದೆ. ಅಂಗಡಿಗೆ ಬರುವ ಪ್ರತಿ ಬಲ್ಬೂ ಅದನ್ನು ಪಾಲಿಸಲೇಬೇಕು ಅಂತ ಹ್ಯಾಮ್‌ಗಳು ಜೋರಾಗಿ ಕೇಳಬೇಕು. ಸಿಕ್ಕ ಒಂದು ಬಲ್ಬನ್ನು ಬದಲಿಸಿ ಸುಮ್ನೆ ಕೂತರೆ ನಾಳೆ ಎದುರು ಮನೆಗೆ ಅಂಥದ್ದೇ ಹತ್ತು ಬರುತ್ತವೆ.

ಮೇನ್ ಆಫ್ ಮಾಡಿದರೂ ಸದ್ದು ಇದೆಯಾ? ಹಾಗಾದರೆ ಹೊರಗೆ ನಡೆಯಿರಿ. ಒಂದು ಸಣ್ಣ ಲೂಪ್ ಆಂಟೆನಾ, ಅಂದರೆ ಬಳೆಯಂತೆ ಸುತ್ತಿದ ತಂತಿ, ಕೈಯಲ್ಲಿರಲಿ, ಅದನ್ನು ತಿರುಗಿಸುತ್ತಾ ಕೇಳಿ. ಸದ್ದು ಜಾಸ್ತಿಯಾಗುವ ಕಡೆ ನೋಡಬೇಡಿ, ಕುಸಿಯುವ ಕಡೆ ನೋಡಿ. ಆ ಬಿಂದು ತುಂಬಾ ಚೂಪು. ಲೂಪಿನ ಬಾಯಿ ಮೂಲದ ಕಡೆ ತಿರುಗಿದಾಗ ಸದ್ದು ಇಳಿಯುತ್ತದೆ. ಮೂಲ ಮುಂದಿದೆಯೋ ಹಿಂದಿದೆಯೋ ಗೊತ್ತಾಗಲ್ಲ, ಅದಕ್ಕೇ ಇನ್ನೊಂದು ಜಾಗದಿಂದಲೂ ಗೆರೆ ಎಳೆಯಬೇಕು. ಹತ್ತಿರ ಹೋದ ಹಾಗೆ ಫ್ರೀಕ್ವೆನ್ಸಿ ಮೇಲಕ್ಕೇರಿಸಿ. 7 ಮೆಗಾಹರ್ಟ್ಸ್ ಗದ್ದಲ ವಿದ್ಯುತ್ ತಂತಿ ಹಿಡಿದು ಬೀದಿಗಟ್ಟಲೆ ಹೋಗುತ್ತದೆ. ಅದೇ ಗದ್ದಲ 30 ಮೆಗಾಹರ್ಟ್ಸ್ ಮೇಲಿನ ವಿಎಚ್‌ಎಫ್‌ನಲ್ಲಿ ಎಎಂ ಮೋಡಿನಲ್ಲಿ ಕೇಳಿಸಿತು ಅಂದರೆ ಗದ್ದಲ ಹುಟ್ಟುವ ಕಂಬ ಹತ್ತಿರವೇ ಇದೆ.

ಸದ್ದೇ ಅರ್ಧ ವಿಳಾಸ ಹೇಳುತ್ತದೆ. ಲೈನಿನಲ್ಲಿ ಕಿಡಿ ಹಾರುತ್ತಿದ್ದರೆ ಸೆಕೆಂಡಿಗೆ 100 ಸಲದ ಒರಟು ಗುರ್‌ ಕೇಳುತ್ತದೆ. ನಮ್ಮ 50 ಹರ್ಟ್ಸ್ ಕರೆಂಟಿನ ಪ್ರತಿ ಸುತ್ತಿಗೆ ಎರಡು ಕಿಡಿ, ಅಲ್ವಾ? ಸೆಕೆಂಡಿಗೊಂದು ಟಿಕ್ ಅಂತಿದ್ದರೆ ಸೋಲಾರ್ ಬೇಲಿ ಇರಬಹುದು. ಕೊಡಗು, ಸಕಲೇಶಪುರದ ಕಡೆ ಆನೆ ಬರದ ಹಾಗೆ ಹಾಕುತ್ತಾರಲ್ಲ, ಅದು. ಗಿಡಬಳ್ಳಿ ಬೆಳೆದು ತಂತಿಗೆ ತಾಗಿದರೆ ಅಲ್ಲಿ ಕಿಡಿ ಹಾರಿ ಟಿಕ್ ಇನ್ನೂ ಜೋರಾಗುತ್ತದೆ. ಇದನ್ನು ಬೇಲಿಯ ಯಜಮಾನರಿಗೆ ಹೇಳಿದರೆ ಅವರಿಗೂ ಲಾಭ. ಕರೆಂಟು ಸೋರುವ ಬೇಲಿ ಆನೆಯನ್ನು ತಡೆಯುವುದಿಲ್ಲ. ಪಕ್ಕದ ಮನೆಯ ಬಾಗಿಲು ತಟ್ಟುವಾಗಲೂ ಹೀಗೇ ಹೋಗಿ. ‘ನಿಮ್ಮಿಂದ ನನ್ನ ರೇಡಿಯೊ ಹಾಳಾಯಿತು’ ಅನ್ನಬೇಡಿ. ರಿಸೀವರ್ ಕೈಯಲ್ಲಿ ಹಿಡಿದು, ಅವರ ಅಡಾಪ್ಟರನ್ನು ಒಮ್ಮೆ ತೆಗೆದು ಮತ್ತೆ ಹಾಕಿ, ಸದ್ದು ಹೋಗಿ ಬರುವುದನ್ನು ಅವರ ಕಿವಿಗೇ ಕೇಳಿಸಿ.

ಇಷ್ಟೆಲ್ಲಾ ಯಾಕೆ ಅಂತ ಕೇಳಬಹುದು. 2004ರ ಸುನಾಮಿ ಬಂದಾಗ ಅಂಡಮಾನಿನ ಪೋರ್ಟ್ ಬ್ಲೇರ್‌ನಲ್ಲಿ ಹ್ಯಾಮ್‌ಗಳ ತಂಡ ಇತ್ತು. ದ್ವೀಪದ ಫೋನು ಕೆಟ್ಟಾಗ ಅವರು ರೇಡಿಯೊದಲ್ಲೇ ಮುಖ್ಯಭೂಮಿಗೆ ಸುದ್ದಿ ಮುಟ್ಟಿಸಿದರು. ಅಂಥ ದಿನ ಒಂದು ಕ್ಷೀಣ ದನಿ ಗದ್ದಲದ ಕೆಳಗೆ ಮುಚ್ಚಿಹೋದರೆ ಯಾರನ್ನು ಕೇಳುವುದು?

ಮನೆಯೂ ಅಲ್ಲ, ಬೀದಿಯೂ ಅಲ್ಲ, ನೂರಾರು ಕಿಲೋಮೀಟರ್ ಆಚೆಯ ಹ್ಯಾಮ್‌ಗೂ ಅದೇ ಸದ್ದು ಕೇಳುತ್ತಿದೆ ಅಂದಾಗ ದೂರದ ರೇಡಾರನ್ನು ಅನುಮಾನಿಸಿ. ಇಂಟರ್‌ನೆಟ್‌ನಲ್ಲಿ ಸಿಗುವ, ಬೇರೆ ಬೇರೆ ಊರಲ್ಲಿರುವ ಕಿವಿಎಸ್‌ಡಿಆರ್ ರಿಸೀವರ್‌ಗಳಲ್ಲಿ ಮೂರ್ನಾಲ್ಕನ್ನು ಆರಿಸಿ, ಸಿಗ್ನಲ್ ಒಂದೊಂದಕ್ಕೂ ತಲುಪುವ ಸಮಯದ ವ್ಯತ್ಯಾಸದಿಂದ ಜಾಗವನ್ನು ಅಂದಾಜು ಮಾಡಬಹುದು. ಆಮೇಲೆ ರಿಪೋರ್ಟ್ ಬರೆಯಿರಿ. ಅಂತರರಾಷ್ಟ್ರೀಯ ಹ್ಯಾಮ್ ಒಕ್ಕೂಟಕ್ಕೆ ಇಂಥ ಅತಿಕ್ರಮಣ ಗಮನಿಸುವ ವಿಭಾಗವೇ ಇದೆ, ಭಾರತ ಅದರ 3ನೇ ವಲಯಕ್ಕೆ ಸೇರಿದೆ. ನಮ್ಮ ದೂರಸಂಪರ್ಕ ಇಲಾಖೆಯಲ್ಲೂ ವೈರ್‌ಲೆಸ್ ಮಾನಿಟರಿಂಗ್ ಆರ್ಗನೈಸೇಶನ್ ಇದೆ. ರಿಪೋರ್ಟಿನಲ್ಲಿ ಫ್ರೀಕ್ವೆನ್ಸಿ, ಯುಟಿಸಿ (ಜಾಗತಿಕ ಪ್ರಮಾಣಿತ) ಸಮಯ, ಸಿಗ್ನಲ್ ಅಗಲ, ಬಡಿತದ ವೇಗ, ದಿಕ್ಕು ಇವಿಷ್ಟೂ ಇರಲಿ. ಜೊತೆಗೆ ಒಂದು ನಿಮಿಷದ ರೆಕಾರ್ಡಿಂಗ್ ಮತ್ತು ವಾಟರ್‌ಫಾಲ್ ಚಿತ್ರ ಹಾಕಿ.