ಉಪಕೇಂದ್ರದ ಬಿಪಿ-ಶುಗರ್ ಡಬ್ಬಿ: ಬಾರದವರ ಲೆಕ್ಕ

ಇದು ಹಳ್ಳಿಯ ಉಪಕೇಂದ್ರ. 2018ರಲ್ಲಿ ಆಯುಷ್ಮಾನ್ ಭಾರತ್ ಶುರುವಾದ ಮೇಲೆ ಇಂಥ ಕಡೆಗೆಲ್ಲ ನರ್ಸಿಂಗ್ ಓದಿದವರು ಸಿಎಚ್‌ಒ, ಅಂದ್ರೆ ಸಮುದಾಯ ಆರೋಗ್ಯ ಅಧಿಕಾರಿಯಾಗಿ ಬಂದ್ರು. ಬಯಲುಸೀಮೇಲಿ ಒಂದು ಉಪಕೇಂದ್ರಕ್ಕೆ 5,000 ಜನ, ಗುಡ್ಡಗಾಡಲ್ಲಿ 3,000 ಅಂತ ಲೆಕ್ಕ. ಡಾಕ್ಟರ್ ಇರೋದು ಪಿಎಚ್‌ಸಿ, ಅಂದ್ರೆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ. ಬಿಪಿ, ಶುಗರ್ ಇರೋರು ತಿಂಗಳಾ ತಿಂಗಳಾ ಕೈತಪ್ಪಿ ಹೋಗದ ಹಾಗೆ ನೋಡ್ಕೊಳ್ಳೋದು ಇಲ್ಲಿನ ನರ್ಸ್ ಪಾಲಿಗೆ.

ಅದಕ್ಕೇ ಈ ಡಬ್ಬಿ. ಬಿಪಿ, ಶುಗರ್ ಇರೋ ಒಬ್ಬೊಬ್ಬರದೂ ಒಂದೊಂದು ಕಾರ್ಡ್ ಇದರಲ್ಲಿರುತ್ತೆ. ಹೆಸರಿನ ಪ್ರಕಾರ ಜೋಡಿಸಿದ್ರೆ ಕಾರ್ಡ್ ಬೇಗ ಸಿಗುತ್ತೆ, ಅಷ್ಟೇ. ಮುಂದೆ ಯಾವತ್ತು ಬರಬೇಕೋ ಆ ತಾರೀಖಿನ ಖಾನೆಯಲ್ಲಿಟ್ಟರೆ, ಸಂಜೆ ಖಾನೆಯಲ್ಲಿ ಉಳಿದದ್ದೇ ಬಾರದವರ ಪಟ್ಟಿ. ಆ್ಯಪ್‌ನಲ್ಲಿ ಎಂಟ್ರಿ ಹೇಗಿದ್ರೂ ಆಗ್ಲೇಬೇಕು. ನೆಟ್‌ವರ್ಕ್ ಕೈಕೊಟ್ಟ ದಿನ ಡಬ್ಬಿಯೇ ಗತಿ.

ಈಗ ಬಿಪಿ. ಬಿಸಿಲಲ್ಲಿ ನಡ್ಕೊಂಡು ಬಂದವರಿಗೆ ಬಂದ ತಕ್ಷಣ ಕಫ್, ಅಂದ್ರೆ ಬಿಪಿ ನೋಡೋ ಪಟ್ಟಿ, ತೋಳಿಗೆ ಸುತ್ತಬಾರದು. ಐದು ನಿಮಿಷ ಕೂರಲಿ. ಬೆನ್ನಿಗೆ ಆಸರೆ, ಪಾದ ನೆಲದ ಮೇಲೆ, ಕೈ ಎದೆಯ ಮಟ್ಟಕ್ಕೆ ಮೇಜಿನ ಮೇಲೆ. ಕಾಫಿ ಕುಡಿದೋ ಹೊಗೆಸೊಪ್ಪು ಹಾಕ್ಕೊಂಡೋ ಅರ್ಧ ಗಂಟೆ ಆಗಿರಬೇಕು. ಬಟ್ಟೆಯ ಬಿಗಿ ತೋಳನ್ನ ಮೇಲಕ್ಕೆ ಸುರುಳಿ ಸುತ್ತಿ ಅದರ ಕೆಳಗೆ ಕಫ್ ಹಾಕಿದ್ರೆ ರೀಡಿಂಗ್ ನಂಬೋ ಹಾಗಿಲ್ಲ. ದಪ್ಪ ತೋಳಿಗೆ ಸಣ್ಣ ಕಫ್ ಹಾಕಿದ್ರೆ ಇಲ್ಲದ ಬಿಪಿ ಇದೆ ಅಂತ ತೋರಿಸುತ್ತೆ. ಒಂದೆರಡು ನಿಮಿಷ ಬಿಟ್ಟು ಇನ್ನೊಂದು ಸಲ ನೋಡಿ, ನೋಡುವಾಗ ಊರ ಸುದ್ದಿ ಬೇಡ. ಇನ್ನೊಂದು, ಖಾಲಿ ಹೊಟ್ಟೆ ಶುಗರ್ ಟೆಸ್ಟ್ ಅಂತ ಬರೋರು ಅವತ್ತು ಬೆಳಗಿನ ಬಿಪಿ ಮಾತ್ರೆಯನ್ನೂ ಬಿಟ್ಟು ಬರ್ತಾರೆ. ಬಿಪಿ ಮಾತ್ರೆ ನೀರಲ್ಲಿ ನುಂಗಿ ಬರಬಹುದು ಅಂತ ಹಿಂದಿನ ಸಲವೇ ಹೇಳಿ ಕಳಿಸ್ಬೇಕು.

140/90 ದಾಟಿದ ಕೂಡಲೇ ಡೋಸ್ ಏರಿಸೋ ಮಾತೆತ್ತಬೇಡಿ. "ಮಾತ್ರೆ ತಗೋತಿದ್ದೀರಾ?" ಅಂದ್ರೆ ಎಲ್ಲರೂ "ಹೂಂ" ಅಂತಾರೆ. "ಅಮ್ಮಾ, ಹೋದ ವಾರ ಎಷ್ಟು ದಿನ ತಪ್ತು?" ಅಂತ ಕೇಳಿ, ಮನೇಲಿರೋ ಮಾತ್ರೆ ಎಲ್ಲಾ ಚೀಲದ ಸಮೇತ ತರಿಸಿ, ಮೇಜಿನ ಮೇಲೆ ಸುರಿಸಿ. ದಿನಕ್ಕೊಂದರಂತೆ 30 ಕೊಟ್ಟಿದ್ದು, ಮೂವತ್ತನೇ ದಿನ 12 ಉಳಿದಿದ್ರೆ ಉತ್ತರ ಅಲ್ಲೇ ಇದೆ. ಅದೇ ರಾಶಿಯಲ್ಲಿ ಸರ್ಕಾರಿ ಆಸ್ಪತ್ರೆಯ ಟೆಲ್ಮಿಸಾರ್ಟಾನ್ ಅನ್ನೋ ಬಿಪಿ ಮಾತ್ರೆ ಜೊತೆ, ಖಾಸಗಿ ಡಾಕ್ಟರ್ ಬರೆದ ಬೇರೆ ಬಣ್ಣದ ಸ್ಟ್ರಿಪ್ ಸಿಗುತ್ತೆ. ಹಿಂದೆ ಸಣ್ಣಕ್ಷರದಲ್ಲಿ ಓದಿದ್ರೆ ಅದೂ ಟೆಲ್ಮಿಸಾರ್ಟಾನೇ! ಎರಡೂ ನುಂಗಿ ತಲೆಸುತ್ತು ಅಂತ ಬಂದಿರ್ತಾರೆ. ಯಾವುದು ಇರಬೇಕು, ಯಾವುದು ನಿಲ್ಲಬೇಕು ಅನ್ನೋದು ಪಿಎಚ್‌ಸಿ ಡಾಕ್ಟರ್ ತೀರ್ಮಾನ. ಡಾಕ್ಟರ್ ಜೊತೆ ಫೋನಲ್ಲೇ ಮಾತಾಡಿಸೋ ಸರ್ಕಾರದ ಇ-ಸಂಜೀವಿನಿಯಲ್ಲಿ ವಿಡಿಯೊ ಕನೆಕ್ಟ್ ಆಗೋ ಮೊದಲೇ ರೀಡಿಂಗ್, ಮಾತ್ರೆ ಹೆಸರು, ಮಿಲಿಗ್ರಾಂ ಬರೆದಿಟ್ಕೊಳ್ಳಿ.

ಸಂಜೆ ಖಾನೆಯಲ್ಲಿ ಉಳಿದ ಬಾರದವರ ಕಾರ್ಡುಗಳು ಊರುವಾರು ಬೇರೆಯಾಗಿ ಆಶಾ ಅಕ್ಕಂದಿರ ಕೈ ಸೇರ್ತವೆ. "ಬರೋಕೆ ಹೇಳಿ" ಅಂತಷ್ಟೇ ಹೇಳಿ ಕಳಿಸಿದ್ರೆ ಪ್ರಯೋಜನ ಇಲ್ಲ, ಯಾಕೆ ಬರ್ಲಿಲ್ಲ ಅಂತ ಕೇಳ್ಕೊಂಡು ಬರಬೇಕು. ಕೂಲಿ ತಪ್ಪುತ್ತೆ ಅನ್ನೋರಿಗೆ ಬೆಳಿಗ್ಗೆ ಬೇಗ ಸಮಯ ಕೊಡಬೇಕಾಗುತ್ತೆ. ಅಮ್ಲೋಡಿಪಿನ್ ಅನ್ನೋ ಬಿಪಿ ಮಾತ್ರೆ ತಗೊಂಡು ಪಾದ ಊದ್ಕೊಂಡಿದ್ದಕ್ಕೆ ಬಿಟ್ಟೋರನ್ನ ಡಾಕ್ಟರಿಗೆ ತೋರಿಸ್ಬೇಕು. ಮೆಟ್‌ಫಾರ್ಮಿನ್ ಅನ್ನೋ ಶುಗರ್ ಮಾತ್ರೆಯಿಂದ ಹೊಟ್ಟೆ ಕೆಟ್ಟಿದ್ರೆ, ಊಟದ ಜೊತೆ ತಗೊಳ್ತಿದ್ದಾರಾ ಕೇಳಿ. ಗ್ಲಿಮೆಪಿರೈಡ್ ಅನ್ನೋ ಇನ್ನೊಂದು ಶುಗರ್ ಮಾತ್ರೆ ತಗೊಳ್ಳೋರು ಏಕಾದಶಿಗೋ ರಂಜಾನಿಗೋ ಉಪವಾಸ ಇದ್ರೆ ಶುಗರ್ ಇಳಿಯೋ ಅಪಾಯ ಇದೆ; ಉಪವಾಸಕ್ಕೆ ಮೊದಲೇ ಡಾಕ್ಟರ್ ಜೊತೆ ಮಾತಾಡಿಸಿ. ಮೈ ನಡುಗಿ ಬೆವರಿ, ಶುಗರ್ 70ಕ್ಕಿಂತ ಕೆಳಗಿದ್ದು, ಪ್ರಜ್ಞೆ ಇದ್ರೆ ಮೂರು ಚಮಚ ಸಕ್ಕರೆ ನೀರಲ್ಲಿ ಕಲಸಿ ಕುಡಿಸಿ, 15 ನಿಮಿಷಕ್ಕೆ ಮತ್ತೆ ನೋಡಿ. ಎದೆನೋವು, ಬಾಯಿ ಸೊಟ್ಟ, ಒಂದು ಕಡೆ ಕೈಕಾಲು ಸೋಲು ಕಂಡ್ರೆ ಕಾರ್ಡ್ ಹುಡುಕ್ತಾ ಕೂರಬೇಡಿ, 108ಕ್ಕೆ ಫೋನ್ ಮಾಡಿ.

ಇಷ್ಟೆಲ್ಲ ಮಾಡಿಯೂ ಮಾತ್ರೆ ಸ್ಟಾಕ್ ಇಲ್ದೆ ವಾಪಸ್ ಕಳಿಸಿದ್ರೆ ಮುಂದಿನ ತಿಂಗಳು ಅವರು ಬರೋದು ಅನುಮಾನ. ಹೋದ ತಿಂಗಳು ಎಷ್ಟು ಖರ್ಚಾಯ್ತೋ ಅಷ್ಟಕ್ಕೇ ಇಂಡೆಂಟ್, ಅಂದ್ರೆ ಮಾತ್ರೆಯ ಬೇಡಿಕೆ ಪಟ್ಟಿ, ಹಾಕೋ ಅಭ್ಯಾಸದಿಂದ ಈ ಕೊರತೆ ಬೆಳೆಯುತ್ತೆ: ಅರ್ಧ ತಿಂಗಳು ಸ್ಟಾಕ್ ಇರಲಿಲ್ಲ ಅಂದ್ರೆ ಖರ್ಚೂ ಅರ್ಧವೇ ಕಾಣುತ್ತೆ, ಬರೋದೂ ಅರ್ಧವೇ. ಕಾರ್ಡ್ ಎಣಿಸಿ ಹಾಕಿ. ಮೆಟ್‌ಫಾರ್ಮಿನ್ ದಿನಕ್ಕೆರಡು ತಗೊಳ್ಳೋರು 60 ಜನ ಇದ್ರೆ ತಿಂಗಳಿಗೆ 3,600. ಇನ್ನೊಂದು ತಿಂಗಳ ಮೀಸಲು ಸೇರಿಸಿ 7,200. ಅದರಲ್ಲಿ ಕಪಾಟಿನಲ್ಲಿರೋದನ್ನ ಕಳೆಯಿರಿ. ಬಾರದವರ ಕಾರ್ಡನ್ನೂ ಈ 60ರಲ್ಲೇ ಎಣಿಸಿ.