ಬೇರು ಬರಿಸುವ ಪುಡಿ ಮತ್ತು ರಾಯಚೂರಿನ ಬಿಸಿಲು

ಎಲ್ಲರಿಗೂ ನಮಸ್ಕಾರ. ಪುಷ್ಯ ಮಳೆ ಹಿಡಿದಿದೆ, ಆದರೂ ಇಷ್ಟು ಜನ ಬಂದಿದ್ದೀರಿ. ತುಂಬಾ ಖುಷಿಯಾಯಿತು. ಇವತ್ತು ನಾನು ಮಾತನಾಡುವ ವಿಷಯಕ್ಕೂ ಈ ಮಳೆಗೂ ಸಂಬಂಧ ಇದೆ.

ಮೇಜಿನ ಮೇಲೆ ನಾಲ್ಕು ಕುಂಡ ಇಟ್ಟಿದ್ದೇನೆ, ನೋಡಿ. ಐದು ವಾರದ ಹಿಂದೆ, ಆರಿದ್ರಾ ಮಳೆ ಶುರುವಾದಾಗ ಹಚ್ಚಿದ್ದು. ಎರಡರಲ್ಲಿ ಮನಿ ಪ್ಲಾಂಟ್, ಎರಡರಲ್ಲಿ ಕಾಗದದ ಹೂವಿನ ಗಿಡ, ಅಂದರೆ ಬೋಗನ್‌ವಿಲ್ಲಾ. ಒಂದೊಂದರಲ್ಲಿ ಐದೈದು ಕಡ್ಡಿ. ಪ್ರತಿ ಜೋಡಿಯಲ್ಲಿ ಒಂದು ಕುಂಡದ ಕಡ್ಡಿಗಳನ್ನು ಬೇರು ಬರಿಸುವ ಪುಡಿಯಲ್ಲಿ ಅದ್ದಿ ಹಚ್ಚಿದ್ದೆ. ಇನ್ನೊಂದನ್ನು ಸುಮ್ನೆ ಹಾಗೇ ಹಚ್ಚಿದ್ದೆ. ಈಗ ನಿಮ್ಮೆದುರೇ ಬೋರಲು ಹಾಕುತ್ತೇನೆ.

ಮನಿ ಪ್ಲಾಂಟ್ ನೋಡಿ. ಎರಡೂ ಕುಂಡದಲ್ಲಿ ಐದಕ್ಕೆ ಐದೂ ಬೇರು ಬಿಟ್ಟಿವೆ. ಪುಡಿ ಯಾವುದಕ್ಕೆ ಹಾಕಿದ್ದೆ ಎಂದು ನನಗೇ ಗುರುತು ಸಿಗುವುದಿಲ್ಲ. ಈಗ ಕಾಗದದ ಹೂವು. ಪುಡಿ ಹಾಕಿದ ಕಡೆ ನಾಲ್ಕು ಕಡ್ಡಿಗೆ ಬೇರು ಬಂದಿದೆ, ಅದೂ ಸುತ್ತಲೂ ದಟ್ಟವಾಗಿ. ಹಾಕದ ಕಡೆ ಒಂದಕ್ಕೆ ಮಾತ್ರ ದಾರದಂಥ ಎರಡು ಎಳೆ. ಉಳಿದವು ಕಪ್ಪಾಗಿವೆ. ಇಪ್ಪತ್ತು ಕಡ್ಡಿಯ ಮೇಲೆ ಶಾಸ್ತ್ರ ಕಟ್ಟಬಾರದು, ನಿಜ. ಆದರೆ ಸಸ್ಯಶಾಸ್ತ್ರ ಪಾಠ ಮಾಡಿದ ಇಷ್ಟು ವರ್ಷಗಳಲ್ಲಿ ನಾನು ಹೆಚ್ಚೂ ಕಡಿಮೆ ಇದನ್ನೇ ಕಂಡಿದ್ದೇನೆ.

ಯಾಕೆ ಹೀಗೆ? ಮನಿ ಪ್ಲಾಂಟಿನ ಪ್ರತಿ ಗೆಣ್ಣಿನಲ್ಲೂ ಒಂದು ಕಂದು ಗಂಟು ಇರುತ್ತದೆ, ನೀವೂ ನೋಡಿದ್ದೀರಿ. ಅದೇ ಬೇರಿನ ಮೊಳಕೆ. ನೀರು ತಾಗಿದರೆ ಸಾಕು, ಬೆಳೆಯುತ್ತದೆ. ಕೋಲಿಯಸ್, ತುಳಸಿ, ಸ್ಪೈಡರ್ ಪ್ಲಾಂಟಿನ ಮರಿಗಳೂ ಅಷ್ಟೆ. ಇವುಗಳಿಗೆ ಪುಡಿ ಕೊಳ್ಳಲು ದುಡ್ಡು ಖರ್ಚು ಮಾಡಬೇಡಿ. ಕಾಗದದ ಹೂವು, ದಾಸವಾಳ, ರಬ್ಬರ್ ಗಿಡ, ಕ್ರೋಟನ್, ಇಂಥ ಗಟ್ಟಿ ಕಡ್ಡಿಯವು ತಡ ಮಾಡುತ್ತವೆ. ಅವಕ್ಕೆ ಸಹಾಯ ಬೇಕು.

ಆ ಪುಡಿಯಲ್ಲಿ ಏನಿದೆ? ಬಹಳ ಜನ ಅದನ್ನು ಗೊಬ್ಬರ ಎಂದುಕೊಂಡಿದ್ದಾರೆ. ಅಲ್ಲ. ಅದರಲ್ಲಿರುವುದು ಹಾರ್ಮೋನು. ಗೊಬ್ಬರ ಎಂದರೆ ಬುತ್ತಿ. ಹಾರ್ಮೋನು ಎಂದರೆ ಸುದ್ದಿ. ಮನೆಗೆ ಬೀಗರು ಬರುತ್ತಾರೆ ಎಂದು ಸುದ್ದಿ ಬಂತು ಎನ್ನಿ. ಸುದ್ದಿ ಬಂದ ಮೇಲೆ ರೊಟ್ಟಿ ಬಡಿಯಬೇಕಾದವರು ಮನೆಯವರೇ. ಹಿಟ್ಟೂ ಮನೆಯದ್ದೇ ಆಗಬೇಕು. ಕಡ್ಡಿಯೊಳಗೆ ಕೂಡಿಟ್ಟ ಸಕ್ಕರೆ, ಗಂಜಿ ಇದೆಯಲ್ಲ, ಅದೇ ಆ ಹಿಟ್ಟು. ಸೊರಗಿದ ಗಿಡದ ಕಡ್ಡಿ ತಂದು ಎಷ್ಟು ಪುಡಿ ಬಳಿದರೂ ಬೇರು ಬರುವುದಿಲ್ಲ. ಸುದ್ದಿ ಮುಟ್ಟಿದೆ, ಆದರೆ ಮನೆಯಲ್ಲಿ ಹಿಟ್ಟಿಲ್ಲ.

ಈ ಸುದ್ದಿಯ ಹೆಸರು ಆಕ್ಸಿನ್. 1880ರಲ್ಲಿ ಚಾರ್ಲ್ಸ್ ಡಾರ್ವಿನ್ ಮತ್ತು ಮಗ ಫ್ರಾನ್ಸಿಸ್ ಹುಲ್ಲಿನ ಮೊಳಕೆ ಬೆಳಕಿನ ಕಡೆ ಯಾಕೆ ಬಾಗುತ್ತದೆ ಎಂದು ನೋಡಿದರು. ತುದಿಗೆ ಟೋಪಿ ಹಾಕಿದರೆ ಮೊಳಕೆ ಬಾಗಲಿಲ್ಲ. ತುದಿಯಿಂದ ಏನೋ ಕೆಳಗೆ ಹೋಗುತ್ತದೆ ಎಂದು ಅವರಿಗೆ ಹೊಳೆಯಿತು. 1926ರಲ್ಲಿ ಹಾಲೆಂಡಿನ ಫ್ರಿಟ್ಸ್ ವೆಂಟ್ ಓಟ್ಸ್ ಮೊಳಕೆಯ ತುದಿ ಕತ್ತರಿಸಿ ಅಗಾರ್ ಎಂಬ ಜೆಲ್ಲಿಯ ಮೇಲಿಟ್ಟ. ಆಮೇಲೆ ತುದಿಯನ್ನು ತೆಗೆದು, ಬರೀ ಜೆಲ್ಲಿಯ ತುಂಡನ್ನು ಮೊಳಕೆಯ ಮೇಲೆ ಒಂದು ಬದಿಗೆ ಇಟ್ಟ. ಮೊಳಕೆ ಬಾಗಿತು. ಅಂದರೆ ಸುದ್ದಿ ಜೆಲ್ಲಿಗೆ ಇಳಿದಿತ್ತು! ನಾನು ಪ್ರತಿ ವರ್ಷ ಈ ಪಾಠ ಮಾಡುವಾಗ ನನಗೇ ರೋಮಾಂಚನ ಆಗುತ್ತಿತ್ತು. ಮುಂದೆ 1935ರ ಹೊತ್ತಿಗೆ ಅಮೆರಿಕದಲ್ಲಿ ಐಬಿಎ, ಎನ್‌ಎಎ ಎಂಬ ಆಕ್ಸಿನ್ ಬಳಗದ ಎರಡು ವಸ್ತು ಬೇರು ಬರಿಸುವುದರಲ್ಲಿ ಚುರುಕು ಎಂದು ತಿಳಿಯಿತು. ನಾವು ಇವತ್ತು ಕೊಳ್ಳುವ ಡಬ್ಬಿಗಳಲ್ಲಿ ಸಾಮಾನ್ಯವಾಗಿ ಇರುವುದು ಇವೇ. ಗಿಡದ ಸ್ವಂತ ಆಕ್ಸಿನ್ ಬೇಗ ಒಡೆದು ಹೋಗುತ್ತದೆ. ಐಬಿಎ ಸ್ವಲ್ಪ ತಾಳಿಕೊಳ್ಳುತ್ತದೆ.

ಈಗ ಅಳತೆಯ ಮಾತು. ಇಲ್ಲಿ ನಾನು ಸ್ವಲ್ಪ ಜಾಸ್ತಿ ನಿಲ್ಲುತ್ತೇನೆ, ಯಾಕೆಂದರೆ ಹೆಚ್ಚು ಗಿಡ ಸಾಯುವುದು ಇಲ್ಲೇ.

ನಮ್ಮ ಜಿಲ್ಲೆಯ ಹತ್ತಿ ಬೆಳೆಗಾರರು ಯಾರಾದರೂ ಇದ್ದೀರಾ? ನಿಮಗೆ ಇದು ಗೊತ್ತು. ಪಕ್ಕದ ಹೊಲದವರು ಕಳೆಗೆ 2,4-ಡಿ ಹೊಡೆದಾಗ ಗಾಳಿ ಇತ್ತ ಬೀಸಿದರೆ ಹತ್ತಿಯ ಎಲೆ ಬೆಂಡೆ ಎಲೆಯ ಹಾಗೆ ಸೀಳಿಕೊಳ್ಳುತ್ತದೆ, ಬೆರಳು ಬೆರಳಾಗುತ್ತದೆ. ಆ 2,4-ಡಿ ಕೂಡ ಆಕ್ಸಿನ್ನಿನ ಬಳಗದ್ದೇ. ಚೂರು ಇದ್ದರೆ ಬೆಳೆಸುವ ಸುದ್ದಿ, ಜಾಸ್ತಿ ಆದರೆ ಕೊಲ್ಲುವ ಸುದ್ದಿ. ಇದಕ್ಕಿಂತ ಒಳ್ಳೆಯ ಪಾಠ ಯಾವ ಪುಸ್ತಕದಲ್ಲೂ ಇಲ್ಲ. ನಮ್ಮ ಹೊಲದಲ್ಲೇ ಇದೆ.

ಮನೆಯಲ್ಲೇ ಆದ ಒಂದು ಘಟನೆ ಹೇಳುತ್ತೇನೆ. ಹತ್ತಿಯ ಮೊಗ್ಗು ಉದುರಬಾರದು ಎಂದು ಎನ್‌ಎಎ ದ್ರವ ಸಿಂಪಡಿಸುತ್ತಾರಲ್ಲ, ತಮ್ಮನ ಮನೆಯಲ್ಲಿ ಅದರ ಬಾಟಲಿ ಇತ್ತು. ಎನ್‌ಎಎ ಬೇರು ಬರಿಸುತ್ತದೆ ಎಂದು ಯಾರೋ ಹೇಳಿದ್ದನ್ನು ಕೇಳಿ ಮನೆಯವರು ಕೋಲಿಯಸ್ ಕಡ್ಡಿಗಳನ್ನು ನೇರವಾಗಿ ಅದರಲ್ಲೇ ಅದ್ದಿ ಹಚ್ಚಿದರು. ನಾಲ್ಕು ದಿನದಲ್ಲಿ ಬುಡ ಸುಟ್ಟ ಹಾಗೆ ಕಪ್ಪಾಯಿತು. ಲೆಕ್ಕ ಹಾಕಿದಾಗ ಕಾರಣ ತಿಳಿಯಿತು. ಬಾಟಲಿಯ ಮೇಲೆ 4.5 ಶೇಕಡಾ ಎಂದಿತ್ತು. ಅಂದರೆ 45,000 ಪಿಪಿಎಂ. ಮೆತ್ತನೆಯ ಕಡ್ಡಿಗೆ 1,000 ಪಿಪಿಎಂ ದಾಟಿದರೇ ಹೆಚ್ಚು. ಅದು ಹೊಲಕ್ಕೆ ತುಂಬಾ ನೀರು ಬೆರೆಸಿ ಹೊಡೆಯುವ ಔಷಧ. ಅದರದ್ದೇನೂ ತಪ್ಪಿಲ್ಲ, ಬಳಸಿದ ರೀತಿ ತಪ್ಪು.

ಪಿಪಿಎಂ ಎಂದರೆ ಹೆದರಬೇಡಿ. ಒಂದು ಲೀಟರಿನಲ್ಲಿ ಒಂದು ಮಿಲಿಗ್ರಾಂ ಇದ್ದರೆ ಒಂದು ಪಿಪಿಎಂ. ಪುಡಿಯ ಡಬ್ಬಿಯ ಮೇಲೆ 0.1 ಶೇಕಡಾ ಎಂದಿದ್ದರೆ 1,000 ಪಿಪಿಎಂ. ಅದು ಎಳೆಯ, ಹಸಿರು ಕಡ್ಡಿಗೆ. 0.3 ಇದ್ದರೆ 3,000, ಅರೆಗಟ್ಟಿ ಕಡ್ಡಿಗೆ. 0.8 ಇದ್ದರೆ 8,000, ಚೆನ್ನಾಗಿ ಬಲಿತ ಕಟ್ಟಿಗೆಗೆ. ಈ ಕಾಗದದ ಹೂವಿಗೆ ನಾನು ಹಾಕಿದ್ದು 3,000ದ್ದು. ಒಳಗೆ ಏನಿದೆ, ಎಷ್ಟಿದೆ ಎಂದು ಬರೆಯದ ಡಬ್ಬಿಯನ್ನು ದಯವಿಟ್ಟು ಕೊಳ್ಳಬೇಡಿ. ಕೆಲವರು ಶುದ್ಧ ಐಬಿಎ ತರಿಸಿ ನೀರಿಗೆ ಹಾಕಿ ಕಲಕುತ್ತಾರೆ. ಅದು ನೀರಿನಲ್ಲಿ ಕರಗುವುದಿಲ್ಲ, ಮೊದಲು ಆಲ್ಕೋಹಾಲಿನಲ್ಲಿ ಕರಗಿಸಬೇಕು. ಮನೆಯಲ್ಲಿ ಬಳಸಲು ಪುಡಿಯೇ ಸುಲಭ.

ಒಮ್ಮೆ ಅದ್ದಿದರೆ ಮುಗಿಯಿತು. ವಾರಕ್ಕೊಮ್ಮೆ ಹಾಕಬೇಡಿ. ಬೇರಿನ ಮೊಳಕೆ ಹುಟ್ಟಿದ ಮೇಲೂ ಆಕ್ಸಿನ್ ಜಾಸ್ತಿ ಇದ್ದರೆ ಬೇರು ಉದ್ದವಾಗುವುದಿಲ್ಲ, ಮೇಲಿನ ಚಿಗುರೂ ನಿಂತುಬಿಡುತ್ತದೆ.

ಇನ್ನು ಬಿಸಿಲು. ಮೇ ತಿಂಗಳಲ್ಲಿ ನಮ್ಮೂರಲ್ಲಿ 42 ಡಿಗ್ರಿ ಏನೂ ದೊಡ್ಡ ಮಾತಲ್ಲ. ಕಡ್ಡಿಗೆ ಬೇರಿಲ್ಲ, ನೀರು ಕುಡಿಯಲು ಬಾಯಿಲ್ಲ. ಆದರೆ ಎಲೆಯಿಂದ ನೀರು ಹೋಗುತ್ತಲೇ ಇರುತ್ತದೆ. ಬೇರು ಬರಲು ಮೆತ್ತನೆಯ ಕಡ್ಡಿಗೆ ಎರಡು ಮೂರು ವಾರ, ಗಟ್ಟಿಯದಕ್ಕೆ ನಾಲ್ಕರಿಂದ ಎಂಟು ವಾರ ಬೇಕು. ಅಲ್ಲಿಯವರೆಗೆ ಕಡ್ಡಿ ಜೀವ ಹಿಡಿದುಕೊಂಡಿರಬೇಕು. ನಿಜ ಹೇಳಬೇಕೆಂದರೆ, ನಮ್ಮ ಕಡೆ ಪುಡಿಗಿಂತ ನೆರಳು, ತೇವ ದೊಡ್ಡವು. ಅವೆರಡೂ ಇದ್ದರೆ ಪುಡಿ ಕೆಲಸ ಮಾಡುತ್ತದೆ. ಇಲ್ಲದಿದ್ದರೆ ಸುದ್ದಿ ಮುಟ್ಟುವ ಮೊದಲೇ ಮನೆ ಖಾಲಿ. ಅದಕ್ಕೇ ನಾನು ಮೃಗಶಿರದಿಂದ ಉತ್ತರಾ ಮಳೆಯವರೆಗೆ ಮಾತ್ರ ಗಟ್ಟಿ ಕಡ್ಡಿ ಹಚ್ಚುತ್ತೇನೆ.

ಹೇಗೆ ಹಚ್ಚುತ್ತೇನೆ ಎಂದು ಹೇಳಿಬಿಡುತ್ತೇನೆ. ಬೆಳಿಗ್ಗೆ, ಗಿಡ ನೀರು ತುಂಬಿಕೊಂಡಿರುವಾಗ ಪೆನ್ಸಿಲ್ ದಪ್ಪದ ಕಡ್ಡಿ, ಗೆಣ್ಣಿನ ಕೆಳಗೇ ಕತ್ತರಿಸಬೇಕು. ಕತ್ತರಿಯನ್ನು ಸ್ಪಿರಿಟ್‌ನಲ್ಲಿ ಒರೆಸಿರಬೇಕು. ಕೆಳಗಿನ ಎಲೆ ತೆಗೆದು, ಮೇಲಿನ ಎರಡು ಎಲೆ ಉಳಿಸಿ, ಅವೂ ದೊಡ್ಡವಾದರೆ ಅರ್ಧ ಕತ್ತರಿಸಿ. ತಲೆ ಯಾವುದು, ಬುಡ ಯಾವುದು ಎಂದು ಮರೆಯಬೇಡಿ. ಆಕ್ಸಿನ್ ಬುಡದ ಕಡೆಗೇ ಇಳಿಯುತ್ತದೆ, ತಲೆಕೆಳಗಾಗಿ ಹಚ್ಚಿದರೆ ಕಷ್ಟ. ಚೂರು ಪುಡಿಯನ್ನು ಬೇರೆ ಕಾಗದದ ಮೇಲೆ ಸುರಿದುಕೊಂಡು, ಕಡ್ಡಿಯ ತುದಿ ಅದ್ದಿ, ಹೆಚ್ಚಾದದ್ದನ್ನು ತಟ್ಟಿ ಉದುರಿಸಿ. ಹಸಿ ಕಡ್ಡಿಯನ್ನು ಡಬ್ಬಿಯೊಳಗೇ ಹಾಕಿದರೆ ಇಡೀ ಡಬ್ಬಿ ಕೆಡುತ್ತದೆ. ಮಣ್ಣಿನಲ್ಲಿ ಮೊದಲು ತೂತು ಮಾಡಿ ಆಮೇಲೆ ಇಳಿಸಿ. ಚುಚ್ಚಿದರೆ ಪುಡಿ ಮೇಲೆಯೇ ಉಳಿಯುತ್ತದೆ. ಕೈಗವಸು ಹಾಕಿ, ಪುಡಿ ಮೂಗಿಗೆ ಹೋಗದಂತೆ ನೋಡಿ, ಡಬ್ಬಿಯನ್ನು ಮಕ್ಕಳ ಕೈಗೆ ಸಿಗದ ತಂಪು, ಕತ್ತಲೆ ಜಾಗದಲ್ಲಿಡಿ.

ಮಣ್ಣು ಎಂದೆ, ಆದರೆ ನಮ್ಮ ಎರೆ ಮಣ್ಣು ಬೇಡ. ಅದು ಹೊಲಕ್ಕೆ ಬಂಗಾರ, ಕಡ್ಡಿಗೆ ಮಾತ್ರ ಉಸಿರು ಕಟ್ಟಿಸುತ್ತದೆ. ತೊಳೆದ ಮರಳು, ಕೊಕೊಪೀಟ್, ಜೊತೆಗೆ ಸುಟ್ಟು ಕರಿಯಾದ ಭತ್ತದ ಹೊಟ್ಟು. ಗಂಗಾವತಿ, ಸಿಂಧನೂರು, ಸಿರುಗುಪ್ಪ, ಎಲ್ಲಿ ನೋಡಿದರೂ ರೈಸ್ ಮಿಲ್ಲುಗಳಿವೆ, ಹೊಟ್ಟಿಗೇನು ಬರ? ಹಚ್ಚಿದ ಮೇಲೆ ಕುಂಡದ ಮೇಲೆ ತೆಳು ಪ್ಲಾಸ್ಟಿಕ್ ಕವರ್ ಕಟ್ಟಿ, ಬೆಳಕಿರುವ, ಆದರೆ ನೇರ ಬಿಸಿಲು ಬೀಳದ ಕಡೆ ಇಡಿ. ಬಿಸಿಲಿಗಿಟ್ಟರೆ ಕವರಿನೊಳಗೆ ಕಡ್ಡಿ ಬೇಯುತ್ತದೆ.

ದೊಡ್ಡ ರಬ್ಬರ್ ಗಿಡಕ್ಕೆ ಇದಕ್ಕಿಂತ ಗೂಟಿ, ಅಂದರೆ ಟೊಂಗೆ ತಾಯಿ ಗಿಡದ ಮೇಲಿರುವಾಗಲೇ ಬೇರು ಬರಿಸುವುದು, ಒಳ್ಳೆಯದು. ಕೊಪ್ಪಳದ ಕಡೆ ದಾಳಿಂಬೆಗೆ ಗೂಟಿ ಕಟ್ಟುವವರನ್ನು ನೋಡಿ ನಾನು ಕಲಿತದ್ದು. ಟೊಂಗೆಯ ಸಿಪ್ಪೆಯನ್ನು ಒಂದು ಇಂಚು ಬಳೆಯಂತೆ ತೆಗೆದು, ಒಳಗಿನ ಜಾರು ಪದರವನ್ನು ಕೆರೆದು, ಮೇಲಿನ ಅಂಚಿಗೆ ಮಾತ್ರ ಹಾರ್ಮೋನು ಸವರುತ್ತಾರೆ. ಎಲೆಯಿಂದ ಇಳಿಯುವ ಸಕ್ಕರೆ, ಆಕ್ಸಿನ್ ಎರಡೂ ಅಲ್ಲೇ ಬಂದು ನಿಲ್ಲುತ್ತವೆ. ಹಸಿ ಪಾಚಿ ಸುತ್ತಿ ಪ್ಲಾಸ್ಟಿಕ್ ಕಟ್ಟುತ್ತಾರೆ. ತಾಯಿ ಗಿಡದ ನೀರು ಸಿಗುತ್ತಲೇ ಇರುವುದರಿಂದ ಟೊಂಗೆ ಬಾಡುವುದಿಲ್ಲ. ಅದೇ ದಾಳಿಂಬೆಯಿಂದ ಇನ್ನೊಂದು ನೋವಿನ ಪಾಠವೂ ಇದೆ. ದುಂಡಾಣು ಅಂಗಮಾರಿ ರೋಗ ಎಷ್ಟೋ ತೋಟಗಳನ್ನು ತಿಂದಿತು. ರೋಗದ ತಾಯಿ ಗಿಡದಿಂದ ಗೂಟಿ ಕಟ್ಟಿದರೆ ರೋಗವೂ ಜೊತೆಗೇ ಬರುತ್ತದೆ. ಹಾರ್ಮೋನಿಗೆ ಅದನ್ನು ತಡೆಯುವ ಶಕ್ತಿ ಇಲ್ಲ. ಮನೆಯ ಗಿಡಕ್ಕೂ ಇದೇ ಮಾತು.

ಚಿಗುರು ಬರಿಸುವ ಸುದ್ದಿ ಬೇರೆ, ಅದು ಸೈಟೊಕೈನಿನ್. 1957ರಲ್ಲಿ ಸ್ಕೂಗ್ ಮತ್ತು ಮಿಲ್ಲರ್ ತೋರಿಸಿದರು: ಆಕ್ಸಿನ್ ಹೆಚ್ಚಿದ್ದರೆ ಬೇರು, ಸೈಟೊಕೈನಿನ್ ಹೆಚ್ಚಿದ್ದರೆ ಚಿಗುರು. ಕೇಕಿ ಪೇಸ್ಟ್ ಎಂದು ಸಣ್ಣ ಟ್ಯೂಬಿನಲ್ಲಿ ಬರುತ್ತದಲ್ಲ, ಅದರಲ್ಲಿ ಇರುವುದು ಇದೇ. ಹವಾಯಿ ಭಾಷೆಯಲ್ಲಿ ಕೇಕಿ ಎಂದರೆ ಮಗು. ಆರ್ಕಿಡ್ ಹೂಗೊಂಚಲಿನ ಗೆಣ್ಣಿಗೆ ಎಳ್ಳುಕಾಳಿನಷ್ಟು ಹಚ್ಚಿದರೆ ಮರಿ ಬರಬಹುದು. ಗಿಡ ಗಟ್ಟಿಯಾಗಿದ್ದರೆ ಮಾತ್ರ ಮಾಡಿ. ಬಡಕಲು ತಾಯಿಗೆ ಮಗುವಿನ ಭಾರ ಹೊರಿಸಬೇಡಿ. ಎಳನೀರಿನಲ್ಲೂ ಸೈಟೊಕೈನಿನ್ ಇದೆ. ಅದಕ್ಕೇ ಬೇರಿಗೆ ಎಳನೀರು ಎಂದು ಹೇಳುವುದು ಅಷ್ಟು ಸರಿಯಲ್ಲ. ಸಕ್ಕರೆ ಇರುವುದರಿಂದ ಹುಳಿಯಾಗಿ ಬೂಷ್ಟು ಹಿಡಿಯುವುದೂ ಉಂಟು. ಅರಿಶಿನ, ದಾಲ್ಚಿನ್ನಿ ಬೂಷ್ಟನ್ನು ತಡೆಯುತ್ತವೆ, ಆದರೆ ಬೇರು ಬರಿಸುವ ಹಾರ್ಮೋನು ಅಲ್ಲ.

ಮೂರನೆಯದು ಜಿಬ್ಬರೆಲಿನ್. ಇದು ಭತ್ತದ ಗದ್ದೆಯಲ್ಲೇ ಸಿಕ್ಕಿತು. ಕೆಲವು ಸಸಿ ಹುಚ್ಚು ಹಿಡಿದಂತೆ ಉದ್ದ ಬೆಳೆದು ಬಿದ್ದು ಸಾಯುತ್ತಿದ್ದವು. 1926ರಲ್ಲಿ ಜಪಾನಿನ ಕುರೊಸಾವಾ, ಶಿಲೀಂಧ್ರ ಬಿಡುವ ಒಂದು ವಸ್ತುವೇ ಕಾರಣ ಎಂದು ತೋರಿಸಿದ. ಅದೇ ಜಿಬ್ಬರೆಲಿನ್. ದ್ರಾಕ್ಷಿ ತೋಟದವರು ಇದನ್ನು ಬಲ್ಲರು, ಕಾಯಿ ದಪ್ಪವಾಗಲು ಬಳಸುತ್ತಾರೆ. ಕಡ್ಡಿಗೆ ಹಾಕಬೇಡಿ, ಬೇರಿಗೆ ಅಡ್ಡಿ ಮಾಡುತ್ತದೆ. ನರ್ಸರಿಯಿಂದ ಹೂವಿನ ಸಮೇತ ತಂದ ಪೀಸ್ ಲಿಲಿ ಮನೆಯಲ್ಲಿ ಮತ್ತೆ ಹೂ ಬಿಡುವುದಿಲ್ಲ ಎಂದು ಬಹಳ ಜನ ಬೇಜಾರು ಮಾಡಿಕೊಳ್ಳುತ್ತಾರೆ, ಅಲ್ವಾ? ಮಾರುವ ಮೊದಲು ಬೇಗ ಹೂ ಬರಲಿ ಎಂದು ಜಿಬ್ಬರೆಲಿನ್ ಸಿಂಪಡಿಸುವ ರೂಢಿ ಇದೆ. ನಿಮ್ಮ ಕೈ ಕೆಟ್ಟದ್ದಲ್ಲ. ಬೆಳಕು ಕೊಟ್ಟು, ತಾಳಿ.

ಒಂದು ಪ್ರಶ್ನೆ ಮೊದಲೇ ಚೀಟಿಯಲ್ಲಿ ಬಂದಿದೆ: ಡ್ರಸೀನಾ, ಸ್ಪೈಡರ್ ಪ್ಲಾಂಟಿನ ಎಲೆಯ ತುದಿ ಸುಟ್ಟಂತಾಗುತ್ತದೆ, ಯಾವ ಹಾರ್ಮೋನು ಹಾಕಲಿ? ಯಾವುದೂ ಬೇಡ. ನಮ್ಮ ಬೋರ್ ನೀರಿನಲ್ಲಿ ಉಪ್ಪು ಇದೆ, ಎಷ್ಟೋ ಕಡೆ ಫ್ಲೋರೈಡ್ ಇದೆ. ಈ ಗಿಡಗಳಿಗೆ ಫ್ಲೋರೈಡ್ ಆಗಿಬರುವುದಿಲ್ಲ. ಇವತ್ತು ಸುರಿಯುತ್ತಿದೆಯಲ್ಲ, ಅದನ್ನು ಬಕೆಟ್‌ನಲ್ಲಿ ಹಿಡಿದು ಹಾಕಿ.

ಈಗ ಮೇಜಿನ ಹತ್ತಿರ ಬನ್ನಿ. ಈ ಬುಟ್ಟಿಯಲ್ಲಿ ಇವತ್ತು ಬೆಳಿಗ್ಗೆ ಕತ್ತರಿಸಿದ ದಾಸವಾಳದ ಕಡ್ಡಿಗಳಿವೆ, ಒದ್ದೆ ಬಟ್ಟೆಯಲ್ಲಿ ಸುತ್ತಿದ್ದೇನೆ. ಒಬ್ಬೊಬ್ಬರು ಎರಡು ತೆಗೆದುಕೊಳ್ಳಿ. ಒಂದಕ್ಕೆ ಇಲ್ಲೇ ಪುಡಿ ಹಾಕಿಕೊಡುತ್ತೇನೆ, ಅದಕ್ಕೆ ಕೆಂಪು ದಾರ ಕಟ್ಟಿ. ಇನ್ನೊಂದನ್ನು ಹಾಗೇ ಪಕ್ಕದಲ್ಲೇ ಹಚ್ಚಿ. ಆರು ವಾರ ಕಿತ್ತು ನೋಡಬೇಡಿ. ಆಮೇಲೆ ಎರಡನ್ನೂ ಇಲ್ಲಿಗೆ ತನ್ನಿ, ಎಲ್ಲರ ಕಡ್ಡಿಗಳನ್ನೂ ಒಟ್ಟಿಗೆ ಇದೇ ಮೇಜಿನ ಮೇಲೆ ಬಿಚ್ಚಿ ಎಣಿಸೋಣ.