ಟೆಕ್ಸಾಸಿನ ಆಲಿವ್ ಮರ ಮೋಸಹೋಗುವುದು ಜನವರಿಯ ಬಿಸಿಲಿಗೆ

ಕೇಳುಗರಿಗೆ ನಮಸ್ಕಾರ. ಡಿಸೆಂಬರ್‌ನಲ್ಲೂ ಅರ್ಧ ತೋಳಿನ ಅಂಗಿ ಹಾಕಿಕೊಂಡು ಓಡಾಡುವ ಊರಲ್ಲಿ ಆಲಿವ್ ಮರ ಚಳಿಗೆ ಸತ್ತಿತು ಅಂದರೆ ನಂಬುವುದು ಕಷ್ಟ, ಅಲ್ವಾ? 2021ರ ಫೆಬ್ರವರಿಯಲ್ಲಿ ಟೆಕ್ಸಾಸಿನಲ್ಲಿ ಆಗಿದ್ದು ಅದೇ. ಡಲ್ಲಾಸ್‌ನಲ್ಲಿ ಮೈನಸ್ 19 ಡಿಗ್ರಿ. ದಕ್ಷಿಣದ ಸ್ಯಾನ್ ಆಂಟೋನಿಯೋ ಕಡೆಯ ತೋಟಗಳಲ್ಲೂ ಎಷ್ಟೋ ಮರಗಳು ಬುಡದವರೆಗೆ ಒಣಗಿಹೋದವು.

ಹಾಗಂತ ಆಲಿವ್‌ಗೆ ಚಳಿಯೇ ಆಗಿಬರುವುದಿಲ್ಲ ಅಂತಲ್ಲ. ಚಳಿ ಬೀಳದಿದ್ದರೆ ಅದು ಸರಿಯಾಗಿ ಹೂವೇ ಬಿಡುವುದಿಲ್ಲ. ಚಳಿ ಮೆಲ್ಲಗೆ ಏರುತ್ತಾ ಬಂದರೆ ಮರ ಮೈ ಗಟ್ಟಿ ಮಾಡಿಕೊಳ್ಳುತ್ತದೆ. ಟೆಕ್ಸಾಸಿನಲ್ಲಿ ಹಾಗಲ್ಲ, ಜನವರಿಯಲ್ಲಿ ವಾರಗಟ್ಟಲೆ ಬೆಚ್ಚಗಿದ್ದು, ವಸಂತ ಬಂತು ಅಂತ ಮರ ಚಿಗುರಲು ಶುರು ಮಾಡಿದ ಹೊತ್ತಿಗೇ ಉತ್ತರದ ಗಾಳಿ ಬೀಸಿ ಒಂದೇ ರಾತ್ರಿಯಲ್ಲಿ ಎಲ್ಲ ಹೆಪ್ಪುಗಟ್ಟುತ್ತದೆ. 1956ರಲ್ಲಿ ಫ್ರಾನ್ಸಿನ ಪ್ರೊವಾನ್ಸ್‌ನಲ್ಲೂ ಇದೇ ಕಥೆ: ಬೆಚ್ಚನೆಯ ಜನವರಿ, ಕೊರೆಯುವ ಫೆಬ್ರವರಿ, ಲಕ್ಷಗಟ್ಟಲೆ ಮರ ನಾಶ.

ಹಾಗಾಗಿ ಮರವನ್ನು ಚಳಿಯಿಂದ ಕಾಯುವ ಕೆಲಸ ಶುರುವಾಗಬೇಕಾದ್ದು ಬೇಸಿಗೆಯ ಕೊನೆಯಲ್ಲೇ. ಆಮೇಲೆ ಸಾರಜನಕದ ಗೊಬ್ಬರ ಬೇಡ, ನೀರೂ ಕಡಿಮೆ. ಎಳೆ ಚಿಗುರು ಜಾಸ್ತಿ ಬಂದಷ್ಟೂ ಹಾನಿ ಜಾಸ್ತಿ. ತಳಿಯಲ್ಲಿ ಅರ್ಬೆಕ್ವಿನಾ ಒಂದಿಷ್ಟು ತಡೆದುಕೊಳ್ಳುತ್ತದೆ. ಜೇಡಿಮಣ್ಣಾದರೆ ದಿಬ್ಬ ಮಾಡಿ ನೆಡಿ, ಬೇರಲ್ಲಿ ನೀರು ನಿಂತರೆ ಚಳಿಗೆ ಮುಂಚೆಯೇ ಗಿಡ ಹೋಗುತ್ತದೆ. ಹಿಮದ ಮುನ್ಸೂಚನೆ ಬಂತೋ, ಎಳೆ ಗಿಡದ ಬುಡಕ್ಕೆ ಮೊಣಕಾಲೆತ್ತರ ಮಣ್ಣು ಏರಿಸಿ. ಮೇಲಿನದು ಹೋದರೂ ಆ ಮಣ್ಣಿನೊಳಗಿನ ಕಾಂಡ ಉಳಿಯುತ್ತದೆ. ಚಳಿಗಾಲ ಕಳೆದ ಮೇಲೆ ಆ ಮಣ್ಣು ತೆಗೆಯಬೇಕು, ಇಲ್ಲದಿದ್ದರೆ ತೊಗಟೆ ಕೊಳೆಯುತ್ತದೆ. ಕುಂಡದಲ್ಲಿದ್ದರೆ ಸುಮ್ನೆ ಗ್ಯಾರೇಜಿಗೆ ಎಳೆದುಬಿಡಿ, ಮುಗೀತು.

ಚಳಿ ಹೋದ ಮರುದಿನವೇ ಗರಗಸ ಹಿಡಿಯುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಉಗುರಿನಿಂದ ತೊಗಟೆ ಸ್ವಲ್ಪ ಕೆರೆದು ನೋಡಿ. ಒಳಗೆ ಹಸಿರಿದ್ದು ಒದ್ದೆಯಾಗಿದ್ದರೆ ಕೊಂಬೆಗೆ ಜೀವ ಇದೆ. ಕಂದಾಗಿ ಒಣಗಿದ್ದರೆ ಇನ್ನೂ ಕೆಳಗೆ ಕೆರೆಯುತ್ತಾ ಹೋಗಿ. ಎಲ್ಲ ಕಂದಾಗಿದ್ದರೂ ಬೇಸಿಗೆವರೆಗೆ ಕಾಯಿರಿ, ಬೇರು ಬದುಕಿದ್ದರೆ ಬುಡದಿಂದ ಗೊಂಚಲು ಚಿಗುರು ಬರುತ್ತದೆ, ಅದರಲ್ಲಿ ಗಟ್ಟಿಯಾದ ಎರಡು ಮೂರನ್ನು ಉಳಿಸಿಕೊಳ್ಳಿ. ಆದರೆ ಒಂದು ಮಾತು, ಕಸಿ ಗಿಡವಾದರೆ ಕಸಿಯ ಕೆಳಗಿನ ಚಿಗುರು ಬೇರೆ ತಳಿಯದು. ಗಿಡ ಕೊಳ್ಳುವಾಗಲೇ ಇದು ಕಡ್ಡಿ ನೆಟ್ಟು ಮಾಡಿದ್ದಾ, ಕಸಿ ಮಾಡಿದ್ದಾ ಅಂತ ನರ್ಸರಿಯವರನ್ನು ಕೇಳಿಬಿಡಿ.